ಮಡಿಲಲ್ಲಿ ಬಂದ ಹುಳ

ಶಿವರುದ್ರಸ್ವಾಮಿ ಜೀವಮಾನದಲ್ಲಿ ಒಂದೇ ಒಂದು ಸಲ ದುಡುಕಿ ದೊಡ್ಡ ಮಾತಾಡಿದ್ದರು. ಮಗ ಸೋಮಶೇಖರನ ಮದುವೆಯ ಬೀಗರೂಟದಲ್ಲಿ, ಎರಡನೇ ಒಬ್ಬಟ್ಟಿನ ಮೇಲೆ ತುಪ್ಪ ಬೀಳುತ್ತಿದ್ದ ಹೊತ್ತಿಗೆ, ತಮ್ಮೂರು ಬೇಗೂರಿನವರೂ ಬೀಗರೂರು ಹರವೆಯವರೂ ಒಂದೇ ಪಂಕ್ತಿಯಲ್ಲಿ ಕೂತಿರುವಾಗ, “ಹಳೇ ಬಾವಿ ಪಕ್ಕದ ಹತ್ತು ಗುಂಟೆ ಇವತ್ತಿಂದ ನನ್ನ ಸೊಸೇದು. ಅವಳು ಏನ್ ಬೇಕಾರೂ ಬೆಳ್ಕಳ್ಳಿ, ನಾನು ಕೇಳಕಿಲ್ಲ” ಅಂದುಬಿಟ್ಟರು. ತುಪ್ಪ ಬಡಿಸುತ್ತಿದ್ದವನೂ ಕೈ ನಿಲ್ಲಿಸಿ ಕೇಳಿಸಿಕೊಂಡ. ಅಷ್ಟು ಜನ ಕೇಳಿದ ಮಾತನ್ನು ವಾಪಸು ನುಂಗುವುದು ಹೇಗೆಂದು ಅವರು ಆವತ್ತಿನಿಂದ ಮೂರು ವರ್ಷ ಯೋಚಿಸುತ್ತಲೇ ಇದ್ದರು.

ಸೊಸೆ ಸುಧಾಮಣಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಾವಿಯ ಆಚೆ ಬದಿಗೆ ಮಾವ ಹನ್ನೆರಡು ಸೀಬೆ ಗಿಡ ಹಾಕಿದ್ದರು. ಗಡಿಯಾಚೆಯ ಯಾವುದೋ ನರ್ಸರಿಯವನು ಲಾರಿಯಲ್ಲಿ ತಂದು ಮಾರಿದ ಗಿಡಗಳು. ಒಂದೊಂದು ಕಾಯಿ ತೆಂಗಿನಕಾಯಿಯಷ್ಟು ಆಗುತ್ತದೆ ಅಂತ ಅವನು ಹೇಳಿದ್ದ, ಇವರು ನಂಬಿದ್ದರು. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಸೀಬೆಯನ್ನು ನೋಡಲು ಹೋಗುತ್ತಿದ್ದ ಮಾವ, ಅಲ್ಲೇ ನಿಂತು ಈಚೆಗಿನ ಹತ್ತು ಗುಂಟೆಯನ್ನೂ ನೋಡುತ್ತಿದ್ದರು. ಬಸ್ಸಿನಲ್ಲಿ ನಿಂತವರು ಕಿಟಕಿ ಪಕ್ಕ ಕೂತವರನ್ನು ನೋಡುವ ನೋಟ ಅದು.

ಆ ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟು, ಕರುವಿಗೆ ಹೆಸರೇನು, ಟಿವಿಯ ಸೌಂಡು ಎಲ್ಲಿಗಿರಬೇಕು, ಎಲ್ಲವೂ ಮಾವನ ತೀರ್ಮಾನ. ಗಂಡ ಸೋಮಶೇಖರ ತರಕಾರಿ ಆಟೋ ಓಡಿಸಿಕೊಂಡಿದ್ದವನು, ಅಪ್ಪನ ಎದುರಿಗೆ ‘ಹೂಂ’ ಅನ್ನುವುದು ಬಿಟ್ಟು ಬೇರೆ ಅಕ್ಷರ ಕಲಿತಿರಲಿಲ್ಲ. ಹತ್ತು ಗುಂಟೆಯಲ್ಲಿ ಮಾತ್ರ ಸುಧಾಮಣಿ ಹೇಳಿದ್ದೇ ಮಾತು. ಅಲ್ಲಿ ಕಾಲಿಟ್ಟರೆ ಅವಳಿಗೆ ಉಸಿರು ಸರಾಗ ಆಡುತ್ತಿತ್ತು. ಅದು ಕೈಬಿಟ್ಟರೆ ಆ ಮನೆಯಲ್ಲಿ ತನ್ನದು ಅನ್ನಲು ತಾಳಿ ಮತ್ತು ಟೂತ್‌ಬ್ರಷ್ ಮಾತ್ರ ಉಳಿಯುತ್ತವೆ ಅಂತ ಅವಳು ತಮಾಷೆಗೆ ಹೇಳಿಕೊಳ್ಳುತ್ತಿದ್ದಳು. ಆದರೆ ಅದು ತಮಾಷೆಯಾಗಿರಲಿಲ್ಲ.

ಆ ಹತ್ತು ಗುಂಟೆಯಲ್ಲಿ ಅವಳು ಹಾಕಿದ್ದು ತವರಿನ ಅರಿಶಿನ. ಎಲ್ಲ ಮನೆಯಲ್ಲೂ ಮಗಳಿಗೆ ಮಡಿಲು ತುಂಬುವಾಗ ಅಕ್ಕಿ, ಕಾಯಿ, ವೀಳ್ಯದೆಲೆ, ರವಿಕೆ ಕಣದ ಜೊತೆ ಒಣಗಿದ ಅರಿಶಿನದ ಕೊಂಬು ಹಾಕುತ್ತಾರೆ. ಹರವೆಯ ಅವಳ ತವರಿನಲ್ಲಿ ಮಾತ್ರ ಹಸಿ ಅರಿಶಿನ, ಅದೂ ಬೇರು ಮಣ್ಣು ಸಮೇತ. “ಒಣಕೊಂಬು ಅಂಗ್ಡೀಲಿ ಸಿಕ್ತದೆ ಕಣಮ್ಮಿ. ಮಣ್ಣು ತವರಲ್ಲಿ ಮಾತ್ರ ಸಿಗೋದು” ಅನ್ನುತ್ತಿದ್ದಳು ಅವ್ವ ಚಿಕ್ಕಮಲ್ಲಮ್ಮ. ಸುಧಾಮಣಿ ಆ ಗೆಡ್ಡೆಗಳನ್ನೇ ಬೀಜ ಮಾಡಿ ಮೂರು ವರ್ಷದಲ್ಲಿ ಹತ್ತು ಗುಂಟೆಯನ್ನೂ ತುಂಬಿಸಿದ್ದಳು.

ಈ ಸಲ ಗೌರಿಹಬ್ಬ ಕಳೆಯುವ ಹೊತ್ತಿಗೆ ಅರಿಶಿನದ ಎಲೆ ಹಳದಿಗೆ ತಿರುಗಿತು. ಗಿಡ ಮೊಣಕಾಲಿನ ಮೇಲೆ ಏಳಲಿಲ್ಲ. ಪಕ್ಕದ ಮಾವನ ಬಾಳೆಯೂ ಸೊರಗಿತು. ಶಿವರುದ್ರಸ್ವಾಮಿ ಒಂದು ಅರಿಶಿನದ ಬುಡ ಕಿತ್ತು ನೋಡಿದರು. ಬೇರಿನ ತುಂಬ ಮಣಿ ಪೋಣಿಸಿದ ಹಾಗೆ ಗಂಟು. ಬೆಳೆ ಹಾಳಾದ ರೈತನಿಗೆ ಬೇಜಾರಾಗಬೇಕು. ಇವರ ಮುಖ ಅರಳಿತು.

“ನೋಡವ್ವ” ಅಂದರು ಬುಡವನ್ನು ಜಗುಲಿಯ ಮೇಲೆ ಇಟ್ಟು. “ಇದು ನಮ್ಮೂರ ಹುಳ ಅಲ್ಲ. ನಿಮ್ಮವ್ವ ಮಡ್ಲು ತುಂಬವಾಗ ಅರಿಶ್ನದ ಜತೆ ಇದ್ನೂ ತುಂಬಿ ಕಳ್ಸವ್ರೆ. ನನ್ನ ಬಾಳೆನೂ ತಿಂದ್ಬುಡ್ತು. ಇನ್ನ ಆ ಹತ್ತು ಗುಂಟೆ ನಿನ್ನ ಕೈಲಿದ್ರೆ ಇಡೀ ತೋಟ ಓಯ್ತದೆ. ನಾನೇ ನೋಡ್ಕತೀನಿ ಬುಡು.”

ಮೂರು ವರ್ಷದ ಮೇಲೆ ಸಿಕ್ಕ ನೆಪ. ಸುಧಾಮಣಿ ಅಲ್ಲೇ ಸ್ಪೀಕರ್ ಹಾಕಿ ಅವ್ವನಿಗೆ ಫೋನು ಮಾಡಿದಳು. ಚಿಕ್ಕಮಲ್ಲಮ್ಮ ಪೂರ್ತಿ ಕೇಳಿಸಿಕೊಂಡು, “ಬೀಗರೇ, ನಮ್ಮತ್ತೆ ಕಾಲದ ಅರಿಶ್ನ ಕಣ್ರೀ ಅದು. ಹುಳ ಅಂದ್ರಲ್ಲ, ಹುಳದ ಮೇಲೆ ನಮ್ಮೂರು ಅರವೆ ಅಂತ ಬರ್ಕಂಡಿತ್ತಾ?” ಅಂದಳು. ಸೋಮಶೇಖರನಿಗೆ ನಗು ಬಂತು. ಅಪ್ಪನನ್ನು ನೋಡಿ ಕೆಮ್ಮಾಗಿ ಬದಲಾಯಿಸಿಕೊಂಡ.

ಆಗ ಸುಧಾಮಣಿಗೆ ರೈತರ ತರಬೇತಿಯಲ್ಲಿ ಕೇಳಿದ್ದು ನೆನಪಾಯಿತು. ಚಾಮರಾಜನಗರದ ಪ್ರಯೋಗಾಲಯದಿಂದ ಬಂದಿದ್ದ ವನಿತಾ ಮೇಡಮ್ಮು, ಬೇರಲ್ಲಿ ಗಂಟು ಮಾಡುವ ಹುಳ ಒಂದೇ ಥರ ಅಲ್ಲ, ಹಲವು ಇವೆ, ನೋಡಿ ಹೇಳಬಹುದು ಅಂದಿದ್ದರು. “ಮಾವಯ್ಯ, ನಮ್ಮ ಹುಳನೂ ಅರವೆ ಹುಳನೂ ಒಂದೇನಾ ಅಂತ ಪರೀಕ್ಷೆ ಮಾಡ್ಸನ. ಒಂದೇ ಆದ್ರೆ ಹತ್ತು ಗುಂಟೆ ನಿಮಗೆ. ಬೇರೆ ಆದ್ರೆ ಇನ್ನ ಆ ಮಾತು ಎತ್ತಬಾರ್ದು.”

“ಗಂಟು ಅಂದ್ರೆ ಗಂಟೇ ಕಣವ್ವ. ಹುಳದಲ್ಲೂ ಒಳಪಂಗಡ ಇದ್ದದಾ?” ಅಂತ ಮಾವ ನಕ್ಕರು. ಗೆದ್ದೇ ಗೆಲ್ಲುತ್ತೇನೆ ಅನ್ನುವವರ ನಗೆ. ಒಪ್ಪಿಕೊಂಡರು.

ಮೊದಲ ಸಲ ಚಾಮರಾಜನಗರಕ್ಕೆ ಹೋದಾಗ ವನಿತಾ ವಿವರವಾಗಿ ಹೇಳಿದರು. ಗಂಟಿನೊಳಗೆ ಹೆಣ್ಣು ಹುಳ ಕೂತಿರುತ್ತದೆ. ಗುಂಡುಸೂಜಿಯ ತಲೆಗಿಂತ ಚಿಕ್ಕದು, ಮುತ್ತಿನ ಬಣ್ಣ, ಹೊಟ್ಟೆ ದಪ್ಪ. ಅದನ್ನು ಹೊರಗೆ ತೆಗೆದು ಕಣ್ಣಿನ ಆಪರೇಷನ್ನಿಗೆ ಬಳಸುವಂಥ ಚಾಕುವಿನಲ್ಲಿ ಅದರ ಹಿಂಭಾಗವನ್ನು ಮಾತ್ರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಇಡಬೇಕು. ಅಲ್ಲಿ ಗೆರೆಗಳಿರುತ್ತವೆ. ಆ ಗೆರೆ ನೋಡಿಯೇ ಯಾವ ಹುಳ ಅಂತ ಹೇಳುವುದು.

“ಹಿಂಭಾಗ ಅಂದ್ರೆ?” ಅಂದರು ಶಿವರುದ್ರಸ್ವಾಮಿ.

“ಹಿಂಭಾಗ ಅಂದರೆ ಹಿಂಭಾಗವೇ ಸರ್” ಅಂದರು ವನಿತಾ, ಮುಖದ ಒಂದು ಗೆರೆಯೂ ಅಲುಗದೆ. “ಹೆಣ್ಣಿನ ಮುಖ ನೋಡಿದರೆ ಏನೂ ಸರಿಯಾಗಿ ತಿಳಿಯುವುದಿಲ್ಲ.”

ಮಾವ ಶಲ್ಯ ಸರಿಮಾಡಿಕೊಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ವನಿತಾ ಎರಡು ಪ್ಲಾಸ್ಟಿಕ್ ಚೀಲ ಕೊಟ್ಟರು: ಒಂದರಲ್ಲಿ ಬೇಗೂರಿನ ಗಂಟುಬೇರು, ಇನ್ನೊಂದರಲ್ಲಿ ಹರವೆಯದು, ಅರಿಶಿನ ಸಿಗದಿದ್ದರೆ ಅದೇ ಮಣ್ಣಿನ ಟೊಮೆಟೊನೋ ಬದನೆನೋ ಆದರೂ ಸರಿ, ಊರ ಹೆಸರು ಬರೆದು ತಂದುಕೊಡಿ ಅಂದರು.

ಹರವೆಯ ಚೀಲ ತುಂಬಲು ತಾನೇ ಹೋಗುತ್ತೇನೆಂದು ಮಾವ ಹಟ ಹಿಡಿದರು. “ನೀವು ತವರಿನೋರು ಏನಾರ ಗೋಲ್‌ಮಾಲ್ ಮಾಡ್ಬುಡ್ತೀರ” ಅಂದು ಬೆಳಿಗ್ಗೆಯೇ ಟಿವಿಎಸ್ ಹತ್ತಿ ಹೊರಟರು. ಸುಧಾಮಣಿ ಬಾವಿಕಟ್ಟೆಯ ಮರೆಯಲ್ಲಿ ಹಸುವಿಗೆ ಹುಲ್ಲು ಕುಯ್ಯಲು ಕೂತಳು. ಹತ್ತು ನಿಮಿಷವಾಗಿರಲಿಲ್ಲ, ಗಾಡಿಯ ಸದ್ದು ಊರ ಹಿಂದಿನ ಕಾಲುದಾರಿಯಿಂದ ಮತ್ತೆ ಕೇಳಿಸಿತು. ಮಾವ ಇಳಿದು ಕಳ್ಳಹೆಜ್ಜೆ ಹಾಕುತ್ತ ಸೀಬೆ ಗಿಡಗಳ ಮಧ್ಯೆ ಹೋದರು. ಅಲ್ಲಿ ತಾನಾಗಿ ಎದ್ದಿದ್ದ ಒಂದು ಬದನೆ ಗಿಡ ಇತ್ತು. ಅದನ್ನು ಬುಡಸಮೇತ ಕಿತ್ತರು. ಬೇರಲ್ಲಿ ಕಡಲೆಕಾಯಿ ಗಾತ್ರದ ಗಂಟುಗಳು. ತೃಪ್ತಿಯಿಂದ ತಲೆದೂಗಿ, ಚೀಲಕ್ಕೆ ಹಾಕಿ, ಜೇಬಿನಿಂದ ಪೆನ್ನು ತೆಗೆದು ದಪ್ಪ ಅಕ್ಷರದಲ್ಲಿ ‘ಹರವೆ’ ಅಂತ ಬರೆದರು. ಆಮೇಲೆ ಗಾಡಿ ಹತ್ತಿ ಹೋದವರು ಮಧ್ಯಾಹ್ನದವರೆಗೂ ಬರಲಿಲ್ಲ. ಬಂದವರು ಜಗುಲಿ ಮೇಲೆ ಕೂತು, “ಅಬ್ಬಬ್ಬಾ, ಅರವೆ ದಾರಿ ಎಂಥಾ ಧೂಳವ್ವ” ಅಂದು ಒಂದು ಚೊಂಬು ನೀರು ಕುಡಿದರು.

ಸುಧಾಮಣಿಗೆ ಮೈಯೆಲ್ಲ ಉರಿಯಿತು. ಅಲ್ಲೇ ಕೇಳಿಬಿಡಬೇಕು ಅನ್ನಿಸಿತು. ಕೇಳಿದರೆ ಇವರು ಇಲ್ಲ ಅನ್ನುತ್ತಾರೆ, ಗಂಡ ‘ಹೂಂ’ ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಉರಿ ಇಳಿದ ಮೇಲೆ ಹೆದರಿಕೆ ಬಂತು. ಎರಡು ಚೀಲವೂ ಒಂದೇ ತೋಟದ್ದಾದ ಮೇಲೆ ಹುಳ ಒಂದೇ ಬರದೆ ಇನ್ನೇನು ಬರುತ್ತದೆ? ಹತ್ತು ಗುಂಟೆ ಹೋದ ಹಾಗೇ. ಅವಳು ಹಿತ್ತಿಲಿಗೆ ಹೋಗಿ ಅವ್ವನಿಗೆ ಫೋನು ಮಾಡಿದಳು. “ಅವ್ವ, ನಮ್ಮ ಅರಿಶ್ನದ ಬುಡ ಒಂದ ಕಿತ್ಕಂಡು, ಮಣ್ಣು ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನನ್ನ ಹೆಸ್ರು ಬರ್ದು ವನಿತಾ ಮೇಡಮ್‌ಗೆ ಕೊಟ್ಬುಟ್ಟು ಬಾ. ಯಾಕೆ ಅಂತ ಕೇಳ್ಬ್ಯಾಡ.” ನಿಜವಾದ ಹರವೆಯ ಬೇರು ಬೇರೆ ಹುಳ ತೋರಿಸಿದರೆ ಕೊನೇ ಗಳಿಗೆಯಲ್ಲಿ ಅದನ್ನೇ ಎದುರಿಗೆ ಹಿಡಿಯಬಹುದು ಅಂತ ಅವಳ ಲೆಕ್ಕ. ಮೇಡಮ್ಮಿಗೂ ಫೋನು ಮಾಡಿ, ಆ ಮೂರನೇ ಚೀಲದ ವಿಚಾರ ನನಗೊಬ್ಬಳಿಗೇ ಹೇಳಿ ಅಂದಳು.

ಚೀಲಗಳನ್ನು ಪ್ರಯೋಗಾಲಯಕ್ಕೆ ಕೊಟ್ಟ ಮೂರು ವಾರಕ್ಕೆ ಮೇಡಮ್ಮಿನಿಂದ ಕರೆ ಬಂತು. ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟರು.

ವನಿತಾ ಮೊದಲನೇ ಹುಳದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು, “ನೋಡಿ ಸರ್” ಅಂದರು.

“ಶಿವ ಶಿವ, ನಾನ್ಯಾಕೆ ನೋಡ್ಲವ್ವ. ನೀವೇ ಏಳ್ಬುಡಿ.”

“ನಿಮ್ಮದೇ ತೋಟದ್ದು ಸರ್, ಹೊರಗಿನವರಲ್ಲ.”

ಕೊನೆಗೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು ನೋಡಿದರು. ಆಮೇಲೆ ಎರಡೂ ಕಣ್ಣು ಬಿಟ್ಟು ನೋಡಿದರು. “ಹೆಬ್ಬೆಟ್ಟು ಒತ್ತಿದಂಗದೆ!” ಅಂದರು, ಮುಜುಗರವನ್ನೇ ಮರೆತು.

ಸುಧಾಮಣಿಯೂ ನೋಡಿದಳು. ಹೆಬ್ಬೆಟ್ಟಿನ ಗುರುತಿನ ಹಾಗೇ ಸುತ್ತ ಗೆರೆ. ಮೇಲುಗಡೆ ಎತ್ತರದ ಕಮಾನು, ಅದರ ತಲೆ ಚಪ್ಪಟೆ, ಗೆರೆಗಳು ಅಲೆಅಲೆ. ಇದು ಬೇಗೂರಿನ ಅರಿಶಿನದ ಬೇರಿನದು, ಇನ್‌ಕಾಗ್ನಿಟಾ ಅಂತ ಹೆಸರು, ಎಲ್ಲ ಕಡೆಯೂ ಸಿಗುವ ಹುಳ ಅಂದರು ವನಿತಾ. ಆಮೇಲೆ ‘ಹರವೆ’ ಅಂತ ಬರೆದ ಚೀಟಿಯ ಗಾಜು ಇಟ್ಟರು. ಸುಧಾಮಣಿ ಬಗ್ಗಿ ನೋಡಿದಳು. ಇದರ ಕಮಾನು ಗುಂಡಗಿತ್ತು. ಗೆರೆ ನಯವಾಗಿತ್ತು.

“ಮೊದಲ ನೋಟಕ್ಕೆ ಎರಡೂ ಒಂದೇ ಅನ್ನಿಸಿಬಿಡುತ್ತೆ, ಮೋಸ ಹೋಗುವುದು ಸುಲಭ” ಅಂದರು ವನಿತಾ. “ನನಗೇ ಅನುಮಾನ ಬಂದು ಇಪ್ಪತ್ತೈದು ಹುಳ ಕತ್ತರಿಸಿದೆ. ಬೆಂಗಳೂರಿಗೆ ಕಳಿಸಿ ಡಿಎನ್‌ಎ ಕೂಡ ನೋಡಿಸಿದೆ. ಎರಡೂ ಬೇರೆ ಬೇರೆ. ಇದರ ಹೆಸರು ಎಂಟೆರೊಲೋಬಿ.”

ಸುಧಾಮಣಿಗೆ ಕುಣಿಯುವ ಹಾಗಾಯಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಒಂದೇ ತೋಟ, ಇಪ್ಪತ್ತು ಹೆಜ್ಜೆ ದೂರ, ಎರಡು ಹುಳ! ಮಾವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಗಂಟು ಅಂದರೆ ಗಂಟೇ ಆಗಿರಬೇಕಿತ್ತಲ್ಲ.

ವನಿತಾ ಅಲ್ಲಿಗೆ ಬಿಡಲಿಲ್ಲ. “ಸರ್, ಈ ಎರಡನೇದು ಕೆಟ್ಟ ಹುಳ. ಬೇರೆ ಹುಳಕ್ಕೆ ಜಗ್ಗದ ತಳಿಗಳನ್ನೂ ಇದು ತಿನ್ನುತ್ತೆ. ನಮ್ಮ ಕಡೆ ಇದು ಹೆಚ್ಚಾಗಿ ಬರುವುದು ಸೀಬೆ ಸಸಿಯ ಬೇರಿನ ಜೊತೆ. ಹರವೆಯ ತೋಟದಲ್ಲಿ ಸೀಬೆ ಎಷ್ಟಿವೆ?”

ಶಿವರುದ್ರಸ್ವಾಮಿ ಸೊಸೆಯನ್ನು ನೋಡಿದರು. ಸೊಸೆ ಮಾವನನ್ನು ನೋಡಿದಳು.

“ಒಂದೂ ಇಲ್ಲ ಮೇಡಮ್” ಅಂದಳು ಸುಧಾಮಣಿ, ಎಳೇ ಮಗುವಿನ ಮುಖ ಮಾಡಿಕೊಂಡು.

“ಹಾಗಾದರೆ ಇನ್ನೂ ಅಪಾಯ. ಎಲ್ಲಿಂದ ಬಂತು ಅಂತ ನೋಡಲೇಬೇಕು. ನಾಳೆಯೇ ಜೀಪಿನಲ್ಲಿ ಹರವೆಗೆ ಹೋಗೋಣ. ಸರ್, ಗಿಡ ಕಿತ್ತ ಜಾಗ ನೀವೇ ತೋರಿಸಬೇಕು. ಪಂಚಾಯಿತಿಯವರಿಗೂ ಹೇಳಿರುತ್ತೇನೆ.”

“ಬನ್ನಿ ಮೇಡಮ್, ನಮ್ಮವ್ವ ಒಬ್ಬಟ್ಟು ಮಾಡಿರ್ತಳೆ” ಅಂದಳು ಸುಧಾಮಣಿ. “ಮಾವಯ್ಯ ಅವತ್ತು ಬಂದೋರು ಊಟನೂ ಮಾಡ್ದೆ ಓಗ್ಬುಟ್ರಂತೆ, ಬೇಜಾರು ಮಾಡ್ಕಂಡವ್ಳೆ.”

ಮಾವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು. ಅವರ ಕಣ್ಣ ಮುಂದೆ ಬಂದದ್ದು ಯಾವ ಹುಳವೂ ಅಲ್ಲ, ಪಂಚಾಯಿತಿಯವರ ಎದುರಿಗೆ ಸೊಂಟಕ್ಕೆ ಕೈಕೊಟ್ಟು ನಿಂತ ಬೀಗಿತ್ತಿ ಚಿಕ್ಕಮಲ್ಲಮ್ಮ. ಸುಧಾಮಣಿ ಅವರನ್ನು ಹಾಗೇ ಸ್ವಲ್ಪ ಹೊತ್ತು ಬೇಯಲು ಬಿಟ್ಟಳು. ಆಮೇಲೆ, ಅದೇಕೋ, ಪಾಪ ಅನ್ನಿಸಿತು. ವಯಸ್ಸಾದ ಮನುಷ್ಯ, ಇಸ್ತ್ರಿ ಪಂಚೆ ಬೇರೆ.

“ಮಾವಯ್ಯ” ಅಂದಳು ಮೆಲ್ಲಗೆ, “ಅವತ್ತು ಹೊರಡೋ ಆತುರದಲ್ಲಿ ಚೀಲ ಏನಾರ ಅದಲುಬದಲಾಯ್ತಾ? ನಮ್ಮ ಸೀಬೆ ಗಿಡದ ಮಧ್ಯೆ ಒಂದು ಬದನೆ ಗಿಡ ಇತ್ತಲ್ಲ, ಈಗ ಕಾಣಸ್ತಿಲ್ಲ.”

ಶಿವರುದ್ರಸ್ವಾಮಿ ಅವಳ ಮುಖವನ್ನೇ ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದ್ದು. “ಆಗಿರ್ಬೌದು ಕಣವ್ವ” ಅಂದರು. “ನಂಗೂ ವಯಸ್ಸಾಯ್ತು.”

ವನಿತಾ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿ, ಏನೂ ಕೇಳದೆ, ಚೀಟಿಯಲ್ಲಿ ‘ಹರವೆ’ಯನ್ನು ಹೊಡೆದುಹಾಕಿ ‘ಬೇಗೂರು, ಸೀಬೆ ಪಕ್ಕ’ ಅಂತ ಬರೆದರು. ಆ ಹನ್ನೆರಡು ಗಿಡವನ್ನೂ ಬೇರುಸಮೇತ ಕಿತ್ತು ಸುಡಬೇಕು, ಅಲ್ಲಿನ ಮಣ್ಣು ಗುದ್ದಲಿಗೆ ಅಂಟಿಕೊಂಡು ಕೂಡ ಆಚೆ ಹೋಗಬಾರದು ಅಂದರು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸುವಾಗ ಮಾವ ಟೀ ಕೊಡಿಸಿದರು. ಅದೂ ಮೂರು ವರ್ಷದಲ್ಲಿ ಮೊದಲು. “ಹತ್ತು ಗುಂಟೆ ನಿಂದೇ ಕಣವ್ವ. ಇನ್ನ ಆ ಮಾತು ಎತ್ತಕಿಲ್ಲ. ಮನೆದೇವ್ರು ಸಿದ್ಧಪ್ಪಾಜಿ ಆಣೆ” ಅಂದರು. ಲೋಟ ಅರ್ಧವಾದ ಮೇಲೆ, “ನಿಮ್ಮವ್ವಂಗೆ ಏನಂತ ಏಳ್ತೀಯಾ?” ಅಂದರು.

“ಚೀಲ ಅದಲುಬದಲಾಗಿತ್ತು ಅಂತ” ಅಂದಳು ಸುಧಾಮಣಿ. ಮಾವ ಅವಳಿಗೊಂದು ಬನ್ನೂ ತರಲು ಹೇಳಿದರು.

ಗೆದ್ದ ಖುಷಿ ಎರಡು ದಿನ ಇತ್ತು. ಮೂರನೇ ದಿನ ವನಿತಾ ಫೋನು ಮಾಡಿದರು. “ನಿಮ್ಮ ಹೆಸರಿನ ಆ ಮೂರನೇ ಚೀಲ ನೋಡಿದೆ ಸುಧಾಮಣಿ. ಅದರಲ್ಲಿರೋದು ಇನ್‌ಕಾಗ್ನಿಟಾ. ನಿಮ್ಮ ಹತ್ತು ಗುಂಟೆಯ ಹುಳವೇ.”

ಸುಧಾಮಣಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. “ಅಂದ್ರೆ ಅರವೆಯಿಂದಲೇ ಬಂತಾ ಮೇಡಮ್?”

“ಹಾಗಂತ ಹೇಳೋಕೆ ಆಗಲ್ಲ. ಈ ಕಡೆ ಯಾವ ತೋಟ ಅಗೆದರೂ ಇದೇ ಹುಳ ಸಿಗುತ್ತೆ. ಆದರೆ ಹಸಿ ಗೆಡ್ಡೆನ ಮಣ್ಣು ಸಮೇತ ತಂದು ನೆಟ್ಟರೆ ಬರೋದೂ ಹೀಗೇನೇ. ಈ ವರ್ಷ ಅಲ್ಲಿ ಅರಿಶಿನ ಬಿಟ್ಟು ಚೆಂಡು ಹೂ ಹಾಕಿ, ಹುಳ ತಗ್ಗುತ್ತೆ.”

ಅವಳಿಗೆ ಮೊದಲು ನಾಚಿಕೆಯಾಯಿತು. ಅವ್ವನ ಮೇಲೆ, ಆ ಮಣ್ಣಿನ ಮೇಲೆ ಹೇಳಲಾಗದ ಸಂಕಟವೂ ಬಂತು. ತನ್ನದು ಅಂತ ಮಡಿಲಲ್ಲಿ ಕಟ್ಟಿಕೊಂಡು ತಂದದ್ದೇ ತನ್ನದನ್ನು ತಿಂದಿತ್ತು. ಇಷ್ಟಾದ ಮೇಲೆ, ತಡವಾಗಿ, ಇನ್ನೊಂದು ವಿಚಾರ ಹೊಳೆಯಿತು. ಮಾವ ಅವತ್ತು ನೆಟ್ಟಗೆ ಹರವೆಗೇ ಹೋಗಿ, ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಎದುರಿಗೆ ಕಂಡ ಯಾವುದೋ ಒಂದು ಬುಡ ಕಿತ್ತು ತಂದಿದ್ದರೆ ಹತ್ತು ಗುಂಟೆ ಅವರದೇ ಆಗಿರುತ್ತಿತ್ತು. ಸುಧಾಮಣಿ ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಯಾರಿಗೂ ಹೇಳಬಾರದು ಅಂತಲೂ ತೀರ್ಮಾನಿಸಿದಳು.

ಮಾವ ಮೇಡಮ್ಮಿನ ಮಾತಿನಂತೆ ಹನ್ನೆರಡು ಸೀಬೆಯನ್ನೂ ಕಿತ್ತು ಸುಟ್ಟರು. ಒಂದೊಂದನ್ನೂ ಬೈದು ಬೈದು ಸುಟ್ಟರು. ಒಂದು ವಾರ ಕಳೆದ ಮೇಲೆ, ಸುಧಾಮಣಿ ಸೊರಗಿದ ಅರಿಶಿನ ಕಿತ್ತು ಹತ್ತು ಗುಂಟೆಯಲ್ಲಿ ಚೆಂಡು ಹೂವಿನ ಸಸಿ ಇಡುತ್ತಿರುವಾಗ, ಬದುವಿನ ಮೇಲೆ ಬಂದು ಕೂತರು.

“ನಾನು ಏಳದು ಏನು ಅಂದ್ರೆ ಕಣವ್ವ. ನಮ್ಮ ಮಣ್ಣೇ ಕೆಟ್ಟದ್ದು, ನಿಮ್ಮವ್ವನ್ನ ಸುಮ್ಗೆ ಅಂದ್ಬುಟ್ಟೆ. ಬರೋ ಬ್ಯಾಸಿಗೆಗೆ ಮೇಲ್ಗಡೆ ಎರಡೆಕರೆಗೂ ಅರಿಶ್ನ ಹಾಕ್ಬುಡನ ಅಂತಿವ್ನಿ. ಬೀಜಕ್ಕೆ ಅರವೆಯಿಂದ್ಲೇ ತರ್ಸು. ಅಂಥ ಚೊಕ್ಕದು ಬೇರೆ ಕಡೆ ಸಿಗಕಿಲ್ಲ.”

ಸುಧಾಮಣಿಯ ಕೈಯಲ್ಲಿದ್ದ ಸಸಿ ಕೈಯಲ್ಲೇ ಉಳಿಯಿತು. ‘ಹೂಂ’ ಅಂದುಬಿಡಬಹುದಿತ್ತು, ಆ ಮನೆಯಲ್ಲಿ ಅದು ಚಾಲ್ತಿಯಲ್ಲಿದ್ದ ಮಾತೇ. ಹೂಂ ಅಂದರೆ ಗೆಡ್ಡೆ ಬರುತ್ತದೆ, ಮಣ್ಣು ಬರುತ್ತದೆ, ಎರಡೆಕರೆಗೂ ಗಂಟು ಹತ್ತುತ್ತದೆ. ನಿಜ ಹೇಳಿದರೆ ಕಾಲ ಕೆಳಗಿನ ಹತ್ತು ಗುಂಟೆ ಹೋಗಬಹುದು. ಅವಳು ಬುಡದ ಮಣ್ಣನ್ನು ಅದುಮಿ, ಕೈ ಒದರಿ, ಎದ್ದು ನಿಂತಳು.

“ಬ್ಯಾಡ ಮಾವಯ್ಯ. ಅರವೆ ಬೇರಲ್ಲೂ ಹುಳ ಅದೆ. ನಾನು ಬೇರೆಯಾಗಿ ಪರೀಕ್ಷೆ ಮಾಡ್ಸಿದ್ದೆ. ಇಲ್ಲಿ ಇರೋ ಹುಳನೇ, ಒಂದೇ ಜಾತಿ. ಅವತ್ತು ನೀವು ಅರವೆಗೇ ಓಗಿದ್ದಿದ್ರೆ, ನೀವೇ ಗೆಲ್ತಿದ್ರಿ.”

ಮಾವನ ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು. ಹತ್ತು ಗುಂಟೆಯನ್ನು ಈ ತುದಿಯಿಂದ ಆ ತುದಿಗೆ ಒಂದು ಸಲ ನೋಡಿದರು.

“ಆವತ್ತು ನಾನೆಲ್ಲಿಗೆ ಓಗಿದ್ದೆ ಗೊತ್ತೇನವ್ವ?” ಅಂದರು ಕೊನೆಗೆ. “ಹೈವೇ ಹೋಟ್ಲಿಗೆ. ಮಧ್ಯಾಹ್ನದ ಗಂಟ ಹೊತ್ತು ಕಳೀಬೇಕಲ್ಲ. ಎರಡು ಮಸಾಲೆ ದೋಸೆ ತಿಂದೆ. ಪಲ್ಯ ಅಳಸೋಗಿತ್ತು, ಆದ್ರೂ ತಿಂದೆ.” ತಲೆಯ ಮೇಲೆ ಕೈ ಇಟ್ಟುಕೊಂಡರು. “ಅಳಸಿದ ದೋಸೆಗೆ ಹತ್ತು ಗುಂಟೆ ಕೊಟ್ಬುಟ್ನಲ್ಲ, ಶಿವನೇ!”

ಅವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೋ ಅಂತ ಸುಧಾಮಣಿ ಒಂದು ಹೆಜ್ಜೆ ಮುಂದೆ ಇಟ್ಟಳು. ಅಳುತ್ತಿರಲಿಲ್ಲ.

“ವಾಪಸ್ ತಕೊಳ್ತೀರಾ ಮಾವಯ್ಯ?” ಅಂದಳು.

“ಟೀ ಅಂಗ್ಡೀಲಿ ಸಿದ್ಧಪ್ಪಾಜಿ ಆಣೆ ಇಟ್ಟಿವ್ನಿ” ಅಂದರು ಕಣ್ಣೊರೆಸಿಕೊಳ್ಳುತ್ತ. “ಆ ಬೀಗರೂಟದ ಮಾತಾದ್ರೆ ಹೆಂಗೋ ನುಂಗ್ಬೌದಾಗಿತ್ತು.” ಬದುವಿನಿಂದ ಇಳಿದು, ಪಂಚೆ ಮೇಲಕ್ಕೆ ಕಟ್ಟಿ, ಹತ್ತು ಗುಂಟೆಯ ಅಂಚಿಗೆ ಬಂದು ನಿಂತರು. ಕಾಲಿಡಲಿಲ್ಲ. ಚಪ್ಪಲಿ ಬಿಚ್ಚಿ, ಕಾಲಿಗೆ ಅಂಟಿದ್ದ ಸೀಬೆಯ ಮಣ್ಣನ್ನು ಬಾವಿಯ ನೀರಲ್ಲಿ ತೊಳೆದುಕೊಂಡು ಬಂದು, ಮತ್ತೆ ಅಲ್ಲೇ ನಿಂತು ಕೇಳಿದರು: “ಒಳಕ್ಕೆ ಬರ್ಲಾ ಅವ್ವ? ಸಸಿ ಎಷ್ಟು ದೂರಕ್ಕೆ ಇಡ್ಬೇಕು, ನೀನೇ ಏಳ್ಕೊಡು.”